ಮನೆಯ ಬೆಕ್ಕಿಗೂ ಒಂದು ಹಿಡಿ ಮಣ್ಣು

ಬೆಕ್ಕು ಸತ್ತರೆ ಯಾರಾದರೂ ಅಳುತ್ತಾರೆಯೇ? ಅತ್ತರೂ ನಾಲ್ಕು ಮಂದಿಯ ಎದುರು ಹೇಳಿಕೊಳ್ಳುತ್ತಾರೆಯೇ? ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಏನಿಲ್ಲ, ಒಗ್ಗರಣಿ ಘಾಟು ಬಡೀತು" ಎಂದು ಹೇಳಿ ಒಲೆಯ ಮುಂದೆ ಹೋಗಿ ನಿಲ್ಲುತ್ತೇವೆ, ಅಷ್ಟೇ. ನಮ್ಮ ಕಡೆಯ ಗೃಹಿಣಿಯರಲ್ಲಿ ಈ ದುಃಖವನ್ನು ಒಮ್ಮೆಯೂ ಕಾಣದವರು ಕಡಿಮೆ. ಬಾಯಿಬಿಟ್ಟು ಆಡಿದವರು ಇನ್ನೂ ಕಡಿಮೆ. ಹೋಳಿಗೆಯ ಹದ ಬರೆಯುತ್ತೇವೆ, ಉಪ್ಪಿನಕಾಯಿ ಬೂಸಲು ಹಿಡಿಯದಂತೆ ಏನು ಮಾಡಬೇಕೆಂದು ಬರೆಯುತ್ತೇವೆ, ಕೂದಲು ಉದುರುವುದಕ್ಕೆ ಮನೆಮದ್ದು ಬರೆಯುತ್ತೇವೆ. ಸೋದರಿಯರೇ, ಇದನ್ನೂ ಒಮ್ಮೆ ಬರೆದುಬಿಡೋಣ ಅಂತ ಕುಳಿತಿದ್ದೇನೆ. ನಗುವವರು ಪುಟ ತಿರುವಿ ಅಡಿಗೆಯ ವಿಭಾಗ ನೋಡಿಕೊಳ್ಳಲಿ, ನನಗೇನೂ ಬೇಜಾರಿಲ್ಲ.

ನಾನು ಹೇಳಹೊರಟಿರುವುದು ಬೆಕ್ಕಿನ ಮಣ್ಣಿನ ವಿಷಯ. "ಮಣ್ಣು" ಎಂದರೆ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. "ಯಾರ ಮಣ್ಣಿಗೆ ಹೋಗಿದ್ರಿ?" ಎಂದು ಕೇಳಿದರೆ ಯಾರ ಅಂತ್ಯಕ್ರಿಯೆಗೆ ಎಂದೇ ಅರ್ಥ. ಸತ್ತವರಿಗೆ ಒಂದು ಹಿಡಿ ಮಣ್ಣು ಕೊಟ್ಟು ಬರುವುದು ಇಲ್ಲಿ ನೆಂಟತನಕ್ಕಿಂತ ದೊಡ್ಡ ಕೆಲಸ. ಇದನ್ನೇ ನಾವು ಹೆಂಗಸರು, ಮಕ್ಕಳು ಸೇರಿ ಹಿತ್ತಲಿನಲ್ಲಿ ಸದ್ದಿಲ್ಲದೆ ಬೆಕ್ಕಿಗೂ ನಡೆಸಿಕೊಂಡು ಬಂದಿದ್ದೇವೆ. ಅಯ್ಯನವರನ್ನು ಕರೆಯುವುದಿಲ್ಲ, ಭಟ್ಟರನ್ನು ಕೇಳುವುದಿಲ್ಲ, ಹಲಗೆ-ಭಜನೆ ಯಾವುದೂ ಇಲ್ಲ. ಗಂಡಸರು ಚಹಾ ಕುಡಿದು ಪೇಟೆಗೆ ಹೋದ ಮೇಲೆ ನಡೆಯುವ ಕೆಲಸ ಇದು. ಆದರೆ ಈಗ ಹಿತ್ತಲುಗಳೇ ಮಾಯವಾಗುತ್ತಿವೆ. ಇದ್ದಷ್ಟು ಜಾಗಕ್ಕೂ ಫರಸಿ, ಸಿಮೆಂಟು. ಹತ್ತು ವರ್ಷ ಮನೆಯಲ್ಲಿ ಬೆಳೆದ ಬೆಕ್ಕು ಸತ್ತರೆ ಎಲ್ಲಿಗೆ ಒಯ್ಯಬೇಕು? ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಸದ ಗಾಡಿಗೆ ಎತ್ತಿ ಕೊಡುವುದೇ?

ನಾಲ್ಕು ಊರಿನ ಹಿತ್ತಲು

ನನ್ನ ತವರು ರಾಮದುರ್ಗ, ಕೊಟ್ಟ ಮನೆ ಬೈಲಹೊಂಗಲ. ತಂಗಿಯ ಸಂಸಾರ ಸವದತ್ತಿಯಲ್ಲಿ, ನಾದಿನಿ ಕಿತ್ತೂರಲ್ಲಿ. ಹಬ್ಬ-ಹುಣ್ಣಿಮೆ, ಬಾಣಂತನ ಅಂತ ಈ ನಾಲ್ಕೂ ಊರಿನ ಮನೆಗಳಲ್ಲಿ ಓಡಾಡಿದವಳು ನಾನು. ಹಿಂದೆ ಇಲ್ಲಿ ಬೆಕ್ಕಿಲ್ಲದ ಮನೆ ಹುಡುಕುವುದೇ ಕಷ್ಟವಾಗಿತ್ತು. ಜೋಳದ ಚೀಲ, ಕಡಲೆ, ಶೇಂಗಾ, ಮೂಲೆಯಲ್ಲಿ ಹತ್ತಿಯ ಅಂಡಗಿ. ಇಲಿಗಳಿಗೆ ದಿನವೂ ಜಾತ್ರೆಯೇ! ಹೀಗಾಗಿ ಬೆಕ್ಕು ನಮ್ಮಲ್ಲಿ ಶೋಕಿಗೆ ಸಾಕಿದ ಪ್ರಾಣಿಯಲ್ಲ, ರಾತ್ರಿಪಾಳಿಯಲ್ಲಿ ದುಡಿಯುವ ಜೀವ. ಅದರ ಸಂಬಳವೆಂದರೆ ಒಂದು ಚೂರು ರೊಟ್ಟಿ, ಹಾಲು ಕಾಸಿದ ಬೋಗುಣಿಯ ತಳ.

ನಮ್ಮ ಅತ್ತೆಯವರ ಪದ್ಧತಿ ಹೀಗಿತ್ತು. ಬೆಕ್ಕನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತುವುದು. ಹೊಸ ಬಟ್ಟೆ ಬೇಡ, ಚಿಂದಿಯೂ ಬೇಡ. ತೊಳೆದು ಮಡಚಿಟ್ಟ, ಮನೆಯವರು ಮೈಮೇಲೆ ಹಾಕಿ ಮೆತ್ತಗಾದ ಬಟ್ಟೆಯೇ ಆಗಬೇಕು. ಹಣೆಗೆ ಒಂದು ಬೆರಳು ವಿಭೂತಿ, ತುಟಿಗೆ ಒಂದು ಹನಿ ಹಾಲು. ಮರಿ ಹಾಕಿದ ತಾಯಿಬೆಕ್ಕಾದರೆ ಒಂದು ಚಿಟಿಕೆ ಅರಿಶಿನ-ಕುಂಕುಮ. ತೆಗ್ಗಿನಲ್ಲಿ ಇಟ್ಟ ಮೇಲೆ ಮನೆಯ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಬೇಕು, ಕಂಕುಳ ಕೂಸಿನ ಕೈ ಹಿಡಿದು ಅದರಿಂದಲೂ ಹಾಕಿಸಬೇಕು. ಮೇಲೊಂದು ಚಪ್ಪಡಿ ಕಲ್ಲು. ಮೂರನೆಯ ದಿನ ಆ ಕಲ್ಲಿನ ಮೇಲೆ ಒಂದು ಬಟ್ಟಲು ಹಾಲು. ಮನುಷ್ಯರಿಗೆ ಮೂರನೆಯ ದಿನ ಹಾಲು-ತುಪ್ಪ ಬಿಡುವುದಿಲ್ಲವೇ, ಅದೇ ಲೆಕ್ಕ. "ಆ ಹಾಲು ಓಣ್ಯಾಗಿನ ಯಾವುದೋ ಬೆಕ್ಕ ಕುಡದ ಹೋಗ್ತೈತ್ರಿ ಅತ್ತಿ" ಎಂದು ನಾನೊಮ್ಮೆ ಅಂದಾಗ, "ಕುಡೀಲಿ ಬಿಡವಾ, ಅದರ ಬಳಗದ್ದ ಅಲ್ಲೇನು" ಎಂದಿದ್ದರು.

ಊರಿನಿಂದ ಊರಿಗೆ ಸ್ವಲ್ಪ ವ್ಯತ್ಯಾಸವೂ ಉಂಟು. ಅದಕ್ಕೆ ಕಾರಣ ಶಾಸ್ತ್ರವಲ್ಲ, ನೆಲ. ಬೈಲಹೊಂಗಲ, ಸವದತ್ತಿಯ ಕಡೆ ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಸಲಿಕೆಗೆ ಮೆತ್ತಿಕೊಂಡು ಬಿಡುವುದಿಲ್ಲ. ಎಷ್ಟು ಆಳ ತೋಡಿದರೂ ಬಿರುಕಿನಿಂದ ವಾಸನೆ ಬಂದು ನಾಯಿಗಳು ಕೆದಕುತ್ತವೆ. ಅದಕ್ಕೇ ಇಲ್ಲಿ ಮಣ್ಣು ಮುಚ್ಚಿದ ಮೇಲೆ ಎರಡು ಕೊಡ ನೀರು ಹಾಕಿ ತುಳಿದು, ಮತ್ತೆ ಒಂದು ಪದರು ಮಣ್ಣು ಹಾಕುತ್ತಾರೆ. ರಾಮದುರ್ಗದಲ್ಲಿ ಗುಡ್ಡದ ಕಲ್ಲುನೆಲ. ಎರಡು ಮೊಳ ಇಳಿಯುವಷ್ಟರಲ್ಲಿ ಹಾರೆ ಠಣ್ ಅನ್ನುತ್ತದೆ. ಅಲ್ಲಿ ನಮ್ಮ ಅವ್ವ ಸಿಕ್ಕಷ್ಟು ತೋಡಿ ಮೇಲೆ ಕಲ್ಲು ಒಟ್ಟಿಸುತ್ತಿದ್ದಳು, ಪುಟ್ಟ ಗುಡ್ಡೆಯಂತೆ. ಕಿತ್ತೂರಿಗೆ ಬಂದರೆ ಆಗಲೇ ಮಲೆನಾಡಿನ ಗಾಳಿ ಶುರು. ಕೆಂಪು ಮಣ್ಣು, ಮಳೆ ಜಾಸ್ತಿ, ತೋಡಿದ ತೆಗ್ಗಿನಲ್ಲಿ ನೀರು ಜಿನುಗುತ್ತದೆ. ನಾದಿನಿಯ ಮನೆಯಲ್ಲಿ ಅದಕ್ಕೇ ಎತ್ತರದ ಕಡೆ, ಪೇರಲ ಗಿಡದ ಆಚೆ ಜಾಗ ಗೊತ್ತು ಮಾಡಿದ್ದಾರೆ.

ಮಣ್ಣು ಸಿಗದ ಬೆಕ್ಕು

ತಂಗಿಯ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗಂಡ ತೀರಿ ಬಹಳ ವರ್ಷವಾಯಿತು, ಮಕ್ಕಳು ದೂರದ ಊರಲ್ಲಿ. ಮನೆಯಲ್ಲಿದ್ದುದು ಎರಡೇ ಜೀವ, ಅಜ್ಜಿ ಮತ್ತು ಒಂದು ಬೂದಿಬಣ್ಣದ ಬೆಕ್ಕು. ಅಜ್ಜಿ ಉಣ್ಣುವ ಹೊತ್ತಿಗೆ ಅದು ಮಣೆಯ ಪಕ್ಕ ಬಂದು ಕೂರುತ್ತಿತ್ತು. ಒಂದು ಬೆಳಗ್ಗೆ ಅಜ್ಜಿ ಏಳುವ ಮೊದಲೇ ಬೆಕ್ಕು ಕಟ್ಟೆಯ ಕೆಳಗೆ ಸತ್ತುಬಿದ್ದಿತ್ತು. ಪಕ್ಕದ ಮನೆಯ ಹುಡುಗ, ಒಳ್ಳೆಯ ಮನಸ್ಸಿನವನೇ, "ಅಜ್ಜಿ ನೋಡಿ ಅಂಜೂದ ಬ್ಯಾಡ" ಅಂತ ಅದನ್ನು ಚೀಲಕ್ಕೆ ಹಾಕಿ ಕಸದ ಗಾಡಿಗೆ ಕೊಟ್ಟುಬಿಟ್ಟ. ಹೇಳಲಿಲ್ಲ.

ಎರಡು ದಿನ ಅಜ್ಜಿ ಓಣಿಯುದ್ದಕ್ಕೂ ಪುಸ್ ಪುಸ್ ಎಂದು ಕರೆಯುತ್ತ ಹುಡುಕಿದರು. ಮೂರನೆಯ ದಿನ ಯಾರೋ ಹೇಳಿದರು. ಅಜ್ಜಿ ಬಯ್ಯಲಿಲ್ಲ, ಅಳಲೂ ಇಲ್ಲ. ಹುಡುಗನನ್ನು ಕರೆದು ಒಂದೇ ಮಾತು ಕೇಳಿದರಂತೆ. "ಎಲ್ಲಿ ಹಾಕಿದ್ರೋ ಯಪ್ಪಾ? ಮಣ್ಣರ ಕೊಟ್ರೇನು?" ಹುಡುಗ ತಲೆ ತಗ್ಗಿಸಿ ನಿಂತ. ಆವತ್ತು ಅಜ್ಜಿ ಒಲೆ ಹಚ್ಚಲಿಲ್ಲ. ಮರುದಿನವೂ ಇಲ್ಲ.

ನನ್ನ ತಂಗಿ ಬುದ್ಧಿವಂತೆ. ಆ ಹುಡುಗನಿಂದಲೇ ತನ್ನ ಹಿತ್ತಲಿನ ಮೂಲೆಯಲ್ಲಿ ಒಂದು ಸಣ್ಣ ತೆಗ್ಗು ತೋಡಿಸಿದಳು. ಬೆಕ್ಕು ಹಾಲು ಕುಡಿಯುತ್ತಿದ್ದ ಜರ್ಮನ್ ಬಟ್ಟಲು, ಅದು ಮಲಗುತ್ತಿದ್ದ ಕೌದಿಯ ತುಂಡು ಎರಡನ್ನೂ ಅಜ್ಜಿಯ ಕೈಯಿಂದಲೇ ಅದರೊಳಗೆ ಇಡಿಸಿದಳು. ಅಜ್ಜಿ ಒಂದು ಹಿಡಿ ಮಣ್ಣು ಹಾಕಿದರು, ಹುಡುಗನೂ ಹಾಕಿದ. ಆ ಸಂಜೆ ತಂಗಿ ಒಯ್ದುಕೊಟ್ಟ ಜೋಳದ ನುಚ್ಚನ್ನು ಅಜ್ಜಿ ಉಂಡರು. ಇದಕ್ಕೆ ನೀವು ಏನು ಬೇಕಾದರೂ ಅನ್ನಿ, ಹುಚ್ಚು ಅನ್ನಿ. ಎರಡು ದಿನ ಉಪವಾಸ ಇದ್ದ ಮುದುಕಿ ಉಂಡದ್ದು ನಿಜ.

ಇನ್ನೊಂದು ಮಾತು. ಬೆಕ್ಕು ಜಡ್ಡಾದಾಗ ಅಡಗಿಕೊಳ್ಳುವ ಪ್ರಾಣಿ. ನೋವಿದ್ದಾಗ ಯಾರ ಕಣ್ಣಿಗೂ ಬೀಳದ ಮೂಲೆ ಹುಡುಕುವುದು ಅದರ ಹುಟ್ಟುಗುಣ. "ಬೆಕ್ಕ ಮನ್ಯಾಗ ಸಾಯಂಗಿಲ್ಲ" ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ ನೋಡಿ. ಹೀಗೆ ಹೋಗಿ ಮರಳದ ಬೆಕ್ಕುಗಳು ಎಷ್ಟೋ. ಅಂಥ ಮನೆಯವರಿಗೂ ಬಟ್ಟಲಿನ ಉಪಾಯ ಒದಗಿ ಬರುತ್ತದೆ.

ಸೂತಕ ಉಂಟೇ?

ನನ್ನನ್ನು ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಬೆಕ್ಕು ಮಣ್ಣು ಮಾಡಿದ ಮನೆಯಲ್ಲಿ ದೇವರ ದೀಪ ಹಚ್ಚಬಹುದೇ? ಹೋಳಿಗೆ ಮಾಡಬಹುದೇ? ಧಾರಾಳವಾಗಿ ಮಾಡಿ. ಸೂತಕ ಎನ್ನುವುದು ಮನುಷ್ಯರ ರಕ್ತಸಂಬಂಧದ ಲೆಕ್ಕ, ಸಾಕುಪ್ರಾಣಿಗೆ ಬರುವುದಿಲ್ಲ. ಲಿಂಗಾಯತ ಮನೆಗಳಲ್ಲಂತೂ ಜನನ, ಮರಣ, ರಜ, ಎಂಜಲು, ಜಾತಿ ಈ ಐದು ಸೂತಕಗಳೇ ಇಲ್ಲವೆಂದು ಹನ್ನೆರಡನೆಯ ಶತಮಾನದ ಶರಣರು ಹೇಳಿ ಹೋಗಿದ್ದಾರೆ. ಕೈಕಾಲು ತೊಳೆದು ಸ್ನಾನ ಮಾಡಿದರೆ ಮುಗಿಯಿತು, ಅದೂ ಸ್ವಚ್ಛತೆಗಾಗಿ. ನಮ್ಮ ಓಣಿಯ ಮುಸಲ್ಮಾನ ಅಕ್ಕಂದಿರಿಗೆ ಈ ಸಂಶಯವೇ ಇಲ್ಲ. ಅವರಲ್ಲಿ ಬೆಕ್ಕು ಶುದ್ಧ ಪ್ರಾಣಿ; ಪೈಗಂಬರರ ಸಂಗಡಿಗರೊಬ್ಬರಿಗೆ ಅಬೂ ಹುರೈರಾ, ಅಂದರೆ ಬೆಕ್ಕಿನಮರಿಯ ಅಪ್ಪ ಎಂದೇ ಹೆಸರು ಬಿದ್ದಿತ್ತಂತೆ.

ಬೆಕ್ಕನ್ನು ಕೊಂದರೆ ಮಾತ್ರ ಪಾಪ, ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇವತ್ತಿನ ಚಿನ್ನದ ಧಾರಣೆಯಲ್ಲಿ ಬೆಕ್ಕಿನ ಮೀಸೆ ಮಾಡಿಸುವುದೂ ಕಷ್ಟವೇ! ಆದರೆ ಹಿರಿಯರು ಸುಮ್ಮನೆ ಆ ದಂಡ ಇಟ್ಟಿರಲಿಕ್ಕಿಲ್ಲ. ಕಾಳು ಕಾಯುವ ಪ್ರಾಣಿಯ ಮೇಲೆ ಯಾರೂ ಕೈ ಮಾಡದಿರಲಿ ಎಂಬ ಯೋಚನೆ ಅದರ ಹಿಂದಿದೆ ಎಂದು ನನಗೆ ಅನಿಸುತ್ತದೆ.

ಪ್ರಾಣಿಗೆ ಮಣ್ಣು ಕೊಡುವುದು ನಮಗೆ ಹೊಸದೂ ಅಲ್ಲ. ಮನೆಯ ಎತ್ತು ಸತ್ತರೆ ಹೂವಿನ ಹಾರ ಹಾಕಿ, ಭಜನೆಯೊಂದಿಗೆ ಮೆರವಣಿಗೆ ಮಾಡಿ ಹೊಲದಲ್ಲಿ ಮಣ್ಣು ಮಾಡುವುದನ್ನು ನೀವೆಲ್ಲ ಕಂಡಿದ್ದೀರಿ. ಮಂಗ ಸತ್ತರೆ ಹನುಮಪ್ಪನ ರೂಪವೆಂದು ಕುರ್ಚಿಯಲ್ಲಿ ಕೂರಿಸಿ ಊರೇ ಸೇರುತ್ತದೆ. ಎತ್ತಿಗೆ ಗಂಡಸರಿದ್ದಾರೆ, ಮಂಗನಿಗೆ ಊರಿದೆ. ಬೆಕ್ಕಿಗೆ ಮಾತ್ರ ನಾವೇ. ಅದಕ್ಕೇ ಅದರ ಮಣ್ಣಿಗೆ ಮೆರವಣಿಗೆಯಿಲ್ಲ ಎಂದು ಕಾಣುತ್ತದೆ.

ಬೆಕ್ಕಿಗೂ ಊರು ಸೇರುವ ಒಂದು ಸ್ಥಳ ನಮ್ಮ ಕರ್ನಾಟಕದಲ್ಲೇ ಇದೆ, ಆದರೆ ನಮ್ಮ ಸೀಮೆಯಲ್ಲಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಬೆಕ್ಕಳಲೆ ಎಂಬ ಹಳ್ಳಿ. ಊರ ಹೆಸರಿನಲ್ಲೇ ಬೆಕ್ಕು ಕೂತಿದೆ ನೋಡಿ! ಅಲ್ಲಿಯವರಿಗೆ ಬೆಕ್ಕು ಮಂಗಮ್ಮ ದೇವಿಯ ರೂಪ. ದೇವಿ ಬೆಕ್ಕಾಗಿ ಊರೊಳಗೆ ಬಂದು ಕೇಡಿನಿಂದ ಜನರನ್ನು ಕಾಪಾಡಿದಳು, ಆಮೇಲೆ ಕಣ್ಮರೆಯಾದ ಜಾಗದಲ್ಲಿ ಹುತ್ತ ಬೆಳೆಯಿತು ಎಂದು ಕಥೆ. ಬೆಕ್ಕಿಗೆ ಗುಡಿ ಕಟ್ಟಿ ಪೂಜೆ ಮಾಡುತ್ತಾರೆ, ಮಂಗಮ್ಮನ ಹಬ್ಬ ನಡೆಸುತ್ತಾರೆ. ಬೆಕ್ಕಿಗೆ ಹಿಂಸೆ ಕೊಟ್ಟವನಿಗೆ ಆ ಊರಲ್ಲಿ ಜಾಗವಿಲ್ಲ. ಎಲ್ಲಿಯಾದರೂ ಸತ್ತ ಬೆಕ್ಕು ಕಂಡರೆ ಅದನ್ನು ಶಾಸ್ತ್ರೋಕ್ತವಾಗಿ ಮಣ್ಣು ಮಾಡದೆ ಮುಂದೆ ಹೋಗುವಂತಿಲ್ಲ. ನಮ್ಮ ಹಿತ್ತಲಿನಲ್ಲಿ ಗುಟ್ಟಾಗಿ ನಡೆಯುವ ಕೆಲಸ ಅಲ್ಲಿ ಊರ ಕಟ್ಟಳೆ.

ಅದೇ ಮದ್ದೂರು ತಾಲೂಕಿನ ಆತಕೂರಿನಲ್ಲಿ ಒಂದು ನಾಯಿಗೆ ವೀರಗಲ್ಲನ್ನೇ ನಿಲ್ಲಿಸಿದ್ದರು. ಕ್ರಿ.ಶ. 949-50ರ ಮಾತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರೊಡನೆ ತಕ್ಕೋಲದಲ್ಲಿ ಯುದ್ಧ ಮಾಡಿ ಗೆದ್ದ. ಆ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ "ಬೇಕಾದ್ದು ಕೇಳು" ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು! ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟುಕೊಟ್ಟ. ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ಎಂದು ಕಲ್ಲಿನಲ್ಲೇ ಬರೆಸಿದ್ದಾನೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದಾಗ ಕಬ್ಬನ್ ಪಾರ್ಕ್ ತೋರಿಸುವಿರಿ, ಪಕ್ಕದಲ್ಲೇ ಇರುವ ಇದನ್ನೂ ತೋರಿಸಿ. ಬೆಕ್ಕಿಗಾಗಿ ಅಳುವವರನ್ನು ನೋಡಿ ನಗುವ ಗಂಡಸರಿಗೆ ಸಾವಿರ ವರ್ಷದ ಹಿಂದಿನ ಈ ಯೋಧನ ಕಥೆ ಹೇಳಬಹುದು.

ದೂರದ ದೇಶಗಳ ಮಾತು

ಬೆಕ್ಕಿನ ಅಂತ್ಯಕ್ರಿಯೆ ಎಂದರೆ ಎಲ್ಲರೂ ಹೇಳುವುದು ಈಜಿಪ್ಟಿನ ಕಥೆ. ಎರಡೂವರೆ ಸಾವಿರ ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದ ಹೆರೊಡೊಟಸ್ ಎಂಬ ಗ್ರೀಕ್ ಇತಿಹಾಸಕಾರ ಬರೆದಿಟ್ಟಿದ್ದಾನೆ. ಮನೆಯ ಬೆಕ್ಕು ಸತ್ತರೆ ಆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರಂತೆ. ನಾಯಿ ಸತ್ತರೆ ತಲೆ, ಮೈ ಎಲ್ಲಾ! ಹುಬ್ಬು ತಿದ್ದಿಸಲು ಪಾರ್ಲರಿನಲ್ಲಿ ಸಾಲು ನಿಲ್ಲುವ ನಮ್ಮ ಹೆಣ್ಣುಮಕ್ಕಳು ಇದಕ್ಕೆ ಒಪ್ಪಲಾರರು ಬಿಡಿ. ತುತ್ಮೋಸ್ ಎಂಬ ಅಲ್ಲಿಯ ರಾಜಕುಮಾರನೊಬ್ಬ ತನ್ನ ಮೆಚ್ಚಿನ ಬೆಕ್ಕಿಗೆ ಸುಣ್ಣದಕಲ್ಲಿನ ಶವಪೆಟ್ಟಿಗೆಯನ್ನೇ ಕೆತ್ತಿಸಿದ್ದ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ, ಅದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಸಿಕ್ಕ ಲಕ್ಷಗಟ್ಟಲೆ ಬೆಕ್ಕಿನ ಮಮ್ಮಿಗಳಲ್ಲಿ ಬಹಳಷ್ಟು ಮನೆಯಲ್ಲಿ ಸಾಕಿದವಲ್ಲ. ದೇವಿಗೆ ಹರಕೆ ಒಪ್ಪಿಸುವವರಿಗೆ ಮಾರಲೆಂದೇ ಸಾಕಿ, ಎಳೆಯ ವಯಸ್ಸಿನಲ್ಲೇ ಕತ್ತು ತಿರುವಿ ಕೊಂದವು. 1888ರಲ್ಲಿ ಬೆನಿ ಹಸನ್ ಎಂಬಲ್ಲಿ ರೈತನೊಬ್ಬನಿಗೆ ನೆಲದಡಿ ಇವುಗಳ ರಾಶಿಯೇ ಸಿಕ್ಕಿತು. 1890ರಲ್ಲಿ ಸುಮಾರು 19 ಟನ್ ಮಮ್ಮಿಗಳನ್ನು ಹಡಗಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಸಾಗಿಸಿ, ಹರಾಜು ಹಾಕಿ, ಪುಡಿ ಮಾಡಿ ಹೊಲಕ್ಕೆ ಗೊಬ್ಬರ ಮಾಡಿದರು. ಇಷ್ಟೆಲ್ಲ ವೈಭವಕ್ಕಿಂತ ನಮ್ಮ ಅತ್ತೆಯವರ ಧೋತರದ ತುಂಡೇ ಮೇಲು ಅಂತ ನನ್ನ ಮತ.

ನನಗೆ ಹೆಚ್ಚು ಹಿಡಿಸಿದ್ದು ಸೈಪ್ರಸ್ ದ್ವೀಪದ ಒಂದು ಗೋರಿ. ಅಲ್ಲಿ ಸುಮಾರು 9,500 ವರ್ಷದ ಹಿಂದೆ ಒಬ್ಬ ಮನುಷ್ಯನನ್ನು ಹೂಳಿದ್ದಾರೆ. ಪಕ್ಕದಲ್ಲೇ, ಒಂದು ಮೊಳವೂ ದೂರವಿಲ್ಲದಂತೆ, ಎಂಟು ತಿಂಗಳ ಒಂದು ಬೆಕ್ಕನ್ನು. ಫ್ರಾನ್ಸಿನ ಸಂಶೋಧಕರು 2004ರಲ್ಲಿ ಇದನ್ನು ಪ್ರಕಟಿಸಿದರು. ಆ ದ್ವೀಪದಲ್ಲಿ ಬೆಕ್ಕು ಹುಟ್ಟಿನಿಂದ ಇದ್ದ ಪ್ರಾಣಿಯಲ್ಲ. ಅಂದರೆ ಯಾರೋ ದೋಣಿಯಲ್ಲಿ ಜೊತೆಗೆ ಕರೆತಂದದ್ದು. ಕಾಳು ಬೆಳೆದು ಕೂಡಿಡಲು ಕಲಿತ ಕಾಲವದು. ಕಾಳಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ನಮ್ಮ ಹಗೇವಿನ ಕಥೆಯೇ ಅಲ್ಲವೇ ಇದು?

ಮಣ್ಣು ಮಾಡುವ ಕ್ರಮ

ಈಗ ಕೆಲಸದ ಮಾತಿಗೆ ಬರೋಣ. ಬೆಕ್ಕು ಸತ್ತ ಮೇಲೂ ಅದರ ಕಣ್ಣು ತೆರೆದೇ ಇರುತ್ತದೆ, ಮುಚ್ಚಿದರೂ ಮುಚ್ಚುವುದಿಲ್ಲ. ಇದನ್ನು ನೋಡಿ ಹೆದರಬೇಡಿ, ಆಸೆ ಉಳಿದಿದೆ ಎಂದೆಲ್ಲ ಅಂದುಕೊಳ್ಳಬೇಡಿ. ಮೂತ್ರ ಸೋರುವುದೂ ಸಹಜ, ಅಡಿಗೆ ಹಳೆಯ ಬಟ್ಟೆ ಇರಲಿ. ಮೂರು-ನಾಲ್ಕು ತಾಸಿನಲ್ಲಿ ಮೈ ಸೆಟೆದುಕೊಳ್ಳುತ್ತದೆ. ಅದಕ್ಕೆ ಮೊದಲೇ ಮಲಗಿದಾಗ ಸುತ್ತಿಕೊಳ್ಳುವಂತೆ ಕಾಲು, ಬಾಲ ಮಡಿಸಿ ಇಡಿ. ತೆಗ್ಗೂ ಚಿಕ್ಕದು ಸಾಕಾಗುತ್ತದೆ, ನೋಡುವ ಮಕ್ಕಳಿಗೂ ಹಿತ. ಹತ್ತಿ ಬಟ್ಟೆಯನ್ನೇ ಸುತ್ತಬೇಕು. ನೈಲಾನ್ ಸೀರೆ, ಪ್ಲಾಸ್ಟಿಕ್ ಚೀಲ ಮಣ್ಣಲ್ಲಿ ಕರಗುವುದಿಲ್ಲ.

ತೆಗ್ಗು ಎರಡು ಮೊಳ, ಅಂದರೆ ಮೂರು ಅಡಿಗೆ ಕಡಿಮೆ ಇರಬಾರದು. ಕಲ್ಲುನೆಲವಾದರೆ ಮೇಲೆ ಕಲ್ಲು ಒಟ್ಟಿ ಆ ಆಳ ತುಂಬಿಸಿಕೊಳ್ಳಿ. ಬಾವಿಯೋ ಬೋರ್‌ವೆಲ್ಲೋ ಇರುವ ಹಿತ್ತಲಾದರೆ ಅಲ್ಲಿ ಬೇಡವೇ ಬೇಡ, ಹೊಲಕ್ಕೆ ಒಯ್ಯಿರಿ. ಮುಚ್ಚಿದ ಮೇಲೆ ಒಂದು ಕಂಟಿ ಜಾಲಿಮುಳ್ಳು ಹೇರಿ ಕಲ್ಲಿಟ್ಟರೆ ನಾಯಿಗಳು ಹತ್ತಿರ ಬರುವುದಿಲ್ಲ. ಸುಣ್ಣ ಹಾಕಿದರೆ ಬೇಗ ಕರಗುತ್ತದೆ ಎಂದು ಹಲವರು ಬುಟ್ಟಿಗಟ್ಟಲೆ ಸುರಿಯುತ್ತಾರೆ. ಸುಣ್ಣ ವಾಸನೆಯನ್ನು ತಡೆಯುತ್ತದೆ ನಿಜ, ಆದರೆ ದೇಹ ಮಣ್ಣಾಗುವುದನ್ನು ನಿಧಾನ ಮಾಡುತ್ತದೆ. ಗಿಡ ಹಚ್ಚುವ ಮನಸ್ಸಿದ್ದರೆ ಉಪ್ಪನ್ನೂ ಹಾಕಬೇಡಿ, ಬೇರು ಸುಡುತ್ತದೆ. ಗಿಡ ಹಚ್ಚುವುದು ಒಳ್ಳೆಯ ಪದ್ಧತಿಯೇ. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಮೇಲಿನ ಆಲದ ಮರಕ್ಕೆ ಇವತ್ತಿಗೂ ಜನ ಹೋಗಿ ಕೈಮುಗಿಯುತ್ತಾರೆ. ದೊಡ್ಡವರ ಮಾತು ಬೇರೆ, ನಾನು ಹೋಲಿಸುತ್ತಿಲ್ಲ. ಮಣ್ಣಿನ ಮೇಲೆ ಒಂದು ಹಸಿರು ಇರಲಿ ಎಂಬ ಬುದ್ಧಿ ಮಾತ್ರ ನಮ್ಮ ನಾಡಿನದು. ಬೆಕ್ಕಿಗೆ ಒಂದು ದಾಸವಾಳದ ಗಿಡ ಸಾಕು.

ಎರಡು ಸಂದರ್ಭದಲ್ಲಿ ಮಾತ್ರ ವಿಭೂತಿ, ಹಾಲು, ಮುದ್ದು ಎಲ್ಲವನ್ನೂ ದೂರವಿಡಿ. ಬೆಕ್ಕು ಸಾಯುವ ಮೊದಲು ವಿಚಿತ್ರವಾಗಿ ಆಡಿ ಮೈಮೇಲೆ ಬರುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಅಥವಾ ಅದಕ್ಕೆ ಹುಚ್ಚುನಾಯಿ ಕಚ್ಚಿದ್ದರೆ, ರೇಬೀಸ್ ಇರಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅದು ಮೊದಲೇ ಯಾರನ್ನಾದರೂ ಕಚ್ಚಿದ್ದರೆ, ಪರಚಿದ್ದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿ. ಖಾರ, ಅರಿಶಿನ, ಸುಣ್ಣ ಹಚ್ಚುತ್ತ ಕೂರಬೇಡಿ. ಎರಡನೆಯದು ಇಲಿಪಾಷಾಣ. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕು ಸತ್ತಿದ್ದರೆ ವಿಷ ಅದರ ಹೊಟ್ಟೆಯಲ್ಲೇ ಇರುತ್ತದೆ. ಕೈಗೆ ಚೀಲ ಕಟ್ಟಿಕೊಂಡು ಎತ್ತಿ ಇನ್ನೂ ಆಳಕ್ಕೆ ಹೂಳಿ. ನಾಯಿಯೋ ಇನ್ನೊಂದು ಬೆಕ್ಕೋ ಅದನ್ನು ಕೆದಕಿ ತಿಂದರೆ ಅದಕ್ಕೂ ಅದೇ ಗತಿ.

ಮಕ್ಕಳಿಗೆ ಏನು ಹೇಳಬೇಕು?

"ಊರಿಗೆ ಹೋಗೈತಿ, ಬರ್ತೈತಿ" ಎಂದು ಮಾತ್ರ ಹೇಳಬೇಡಿ. ಮಗು ದಿನಾ ಬಾಗಿಲು ಕಾಯುತ್ತದೆ. "ಮಕ್ಕೊಂಡೈತಿ" ಎಂದೂ ಬೇಡ. ನನ್ನ ಅಣ್ಣನ ಮಗಳಿಗೆ ಹಾಗೆ ಯಾರೋ ಹೇಳಿದ್ದಕ್ಕೆ, ನಾಲ್ಕು ವರ್ಷದ ಆ ಕೂಸು ಎಂಟು ದಿನ ಮಲಗಲಿಕ್ಕೇ ಒಲ್ಲೆ ಅಂದಿತು. ಮಲಗಿದರೆ ತನಗೂ ಮಣ್ಣು ಹಾಕುತ್ತಾರೆಂದು ಅದರ ಅಂಜಿಕೆ! ಸತ್ತಿತು ಎಂದೇ ಹೇಳಿ. ಇನ್ನು ಅದಕ್ಕೆ ಹಸಿವಿಲ್ಲ, ನೋವಿಲ್ಲ ಎಂದು ಹೇಳಿ. ಕೈಯಲ್ಲಿ ಒಂದು ಹೂ ಕೊಟ್ಟು ತೆಗ್ಗಿನ ತನಕ ಕರೆದೊಯ್ಯಿರಿ. ಬರಲು ಒಲ್ಲದ ಮಗುವನ್ನು ಎಳೆಯಬೇಡಿ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ, ರೋಗದಿಂದ ಸತ್ತದ್ದಲ್ಲವಾದರೆ, ಅದಕ್ಕೂ ಒಮ್ಮೆ ಮೂಸಿ ನೋಡಲು ಬಿಡಿ. ಜೊತೆಯದು ಕಾಣದಾದಾಗ ಕೆಲವು ಬೆಕ್ಕು ಕೂಗುತ್ತ ತಿರುಗುತ್ತವೆ, ಊಟ ಬಿಡುತ್ತವೆ. ಎರಡು ದಿನ ದಾಟಿದರೂ ತಿನ್ನದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತು ಬೇಗ ಕೆಡುತ್ತದೆ.

ಹಿತ್ತಲಿಲ್ಲದವರು

ಬಾಡಿಗೆ ಮನೆ, ಮಾಳಿಗೆಯ ಮೇಲಿನ ಮನೆಯಲ್ಲಿರುವವರ ಪಾಡೇನು? ಬೆಂಗಳೂರಿನಲ್ಲಿ ಕೆಂಗೇರಿಯ ಹತ್ತಿರ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರ ಆವರಣದಲ್ಲಿ ಸಾಕುಪ್ರಾಣಿಗಳಿಗೆಂದೇ ಸ್ಮಶಾನವಿದೆ, ಸಮಾಧಿಯ ಮೇಲೆ ಹೆಸರು ಬರೆಸಿದ ಕಲ್ಲುಗಳೂ ಇವೆ. ನಮ್ಮಂಥ ಊರಿಗೆ ಅದು ದೂರದ ಮಾತು. ಆದರೆ ನಮ್ಮಲ್ಲಿ ಇನ್ನೂ ಹೊಲಗಳಿವೆ. ನಮ್ಮ ಓಣಿಯ ಐದಾರು ಮನೆಯವರು ಸೇರಿ ಪರಿಚಯದ ರೈತರೊಬ್ಬರನ್ನು ಕೇಳಿಕೊಂಡೆವು. ಬದುವಿನ ಮೂಲೆಯಲ್ಲಿ, ಬೇವಿನ ಮರದ ಆಚೆ, ಉಳದೆ ಬಿಟ್ಟ ಒಂದಿಷ್ಟು ಜಾಗ. ಅವರು ನಕ್ಕು, "ಹುಗೀರಿ ಅಕ್ಕಾರ, ನಮ್ಮ ಎತ್ತೂ ಅಲ್ಲೇ ಅದಾವು" ಎಂದರು. ದುಡ್ಡು ಕಾಸು ಏನೂ ಇಲ್ಲ. ಕೇಳಲು ಸಂಕೋಚಪಟ್ಟದ್ದೇ ಹೆಚ್ಚು! ಆದರೆ ಕೆರೆ, ಹಳ್ಳ, ಮಲಪ್ರಭೆಯ ದಂಡೆಯಲ್ಲಿ ಮಾತ್ರ ಹೂಳಬೇಡಿ, ಮಳೆಗೆ ಕೊಚ್ಚಿ ಮೇಲೆ ಬರುತ್ತದೆ. ಹರಿಯುವ ನೀರಿಗಂತೂ ಬಿಡಲೇಬೇಡಿ.

ಯಾವ ದಾರಿಯೂ ಇಲ್ಲದಿದ್ದರೆ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಹೇಳಿ. ಸತ್ತ ಪ್ರಾಣಿಗಳನ್ನು ಸಾಗಿಸುವುದು ಅವರ ಕೆಲಸಗಳಲ್ಲಿ ಒಂದು. ಚೀಲದಲ್ಲಿ ಕಟ್ಟಿ ಹಸಿ ಕಸದ ಒಳಗೆ ಅಡಗಿಸಿ ಕೊಡಬೇಡಿ, ಗಾಡಿಯವರೂ ಮನುಷ್ಯರೇ, ಅವರ ಕೈ ಅದರ ಮೇಲೆ ಬೀಳುತ್ತದೆ. "ತಮ್ಮಾ, ಇದು ನಮ್ಮ ಮನಿ ಬೆಕ್ಕು, ಎಲ್ಲೆರ ಮಣ್ಣು ಕೊಟ್ಟುಬಿಡಪ್ಪಾ" ಎಂದು ಬಾಯಿಬಿಟ್ಟು ಕೇಳಿ. ಅವರು ಇಲ್ಲ ಅಂದದ್ದನ್ನು ನಾನು ಈತನಕ ಕಂಡಿಲ್ಲ. ಚಹಾ ಕುಡಿಸಿ ಕಳಿಸಿ.

ಇನ್ನು ಹೊಸ ಮರಿಯ ವಿಷಯ. ಹಳೆಯದು ಮುಪ್ಪಿನಿಂದಲೋ ಗಾಡಿಗೆ ಸಿಕ್ಕೋ ಸತ್ತಿದ್ದರೆ ನಿಮ್ಮ ಮನಸ್ಸು ಒಪ್ಪಿದ ದಿನ ತನ್ನಿ. ವಾಂತಿ-ಭೇದಿಯಾಗಿ ಸತ್ತಿದ್ದರೆ ಅವಸರ ಮಾಡಬೇಡಿ. ಆ ರೋಗದ ವಿಷಾಣು ನೆಲ, ಚಾಪೆ, ಬಟ್ಟಲಿನಲ್ಲಿ ವರ್ಷದವರೆಗೂ ಬದುಕಿರಬಲ್ಲದು. ಮನುಷ್ಯರಿಗೆ ಅದು ಅಂಟುವುದಿಲ್ಲ, ಎಳೆ ಮರಿಗೆ ಮಾತ್ರ ಪ್ರಾಣಾಂತಿಕ. ಹಳೆಯ ಗಾದಿ-ಚಾಪೆ ಸುಟ್ಟುಬಿಡಿ, ನೆಲವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಿರಿ. ತರುವ ಮರಿಗೆ ಮೊದಲು ಪಶುವೈದ್ಯರ ಹತ್ತಿರ ಲಸಿಕೆ ಹಾಕಿಸಿ ಮನೆಯೊಳಗೆ ಬಿಡಿ, ಅದಕ್ಕೆ ಬಟ್ಟಲೂ ಹೊಸದೇ ಇರಲಿ.